ಮೊದಲ ಪ್ರದರ್ಶನದ ಷರತ್ತು

ನಾಯಕಿಯನ್ನು ಹೊರಹಾಕಲೇಬೇಕೆಂದು ನಾಟಕ ತಂಡದ ಯಜಮಾನ ಕರಾರುಪತ್ರವನ್ನು ವಕೀಲೆಯ ಮೇಜಿನ ಮೇಲೆ ಕುಕ್ಕಿದ. ಅವಳು ತಾಲೀಮು ತಪ್ಪಿಸಿದಳೆಂಬುದು ನೆಪ. ರಾಣಿಯ ಪಾತ್ರ ತನ್ನ ಮಗಳಿಗೆ ಸಿಗಲಿ ಎಂಬುದು ಆಸೆ. ಆ ಮಗಳು ಪಕ್ಕದಲ್ಲೇ ಕೂತು ಕಪಾಟಿನ ದಪ್ಪ ಪುಸ್ತಕಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು.

ವಕೀಲೆ ಬಿಡಿಸಿ ಹೇಳಿದಳು. ಕರಾರಿನ ಮಾತುಗಳೆಲ್ಲ ಒಂದೇ ತೂಕದವಲ್ಲ. ತಾಲೀಮಿನಂಥದ್ದು ಸಣ್ಣ ಷರತ್ತು. ತಪ್ಪಿದರೆ ಪರಿಹಾರ ಕೇಳಬಹುದು, ಕರಾರನ್ನೇ ಕೊನೆಗಾಣಿಸುವಂತಿಲ್ಲ. ಕೆಲವು ನಡುವಿನವು, ಆದ ಹಾನಿ ನೋಡಿ ತೀರ್ಮಾನಿಸಬೇಕು.

“ಮೊದಲ ಪ್ರದರ್ಶನ ಮಾತ್ರ ಮುಖ್ಯ ಷರತ್ತು. ಅವತ್ತು ಅವರು ರಂಗಕ್ಕೆ ಬರದಿದ್ರೆ ನೀವು ಕರಾರು ಮುಗಿಸಬಹುದು.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬರೆಯದ ಷರತ್ತುಗಳೂ ಇರುತ್ತವೆ, ಇನ್ನೊಬ್ಬರು ಕರಾರು ಪಾಲಿಸುವುದಕ್ಕೆ ಅಡ್ಡಗಾಲು ಹಾಕಬಾರದೆಂಬುದೂ ಅಂಥದ್ದೇ ಎಂದು ವಕೀಲೆ ಹೇಳುವಷ್ಟರಲ್ಲಿ ಯಜಮಾನ ಚಪ್ಪಲಿ ಮೆಟ್ಟಿಯಾಗಿತ್ತು.

ಮಗಳು ಬಾಗಿಲಲ್ಲೇ ನಿಂತಳು. “ಅವತ್ತು ಅವರು ಆಡಿಬಿಟ್ರೆ?”

“ಆಗ ನಿಮ್ಮಪ್ಪ ಏನೂ ಮಾಡೋಕಾಗಲ್ಲಮ್ಮ.”

ಪಾಪ, ಪಾತ್ರ ಕೈತಪ್ಪುವ ಭಯ ಎಂದುಕೊಂಡ ಅಪ್ಪ.

ಅದು ಮಾತಿಲ್ಲದ, ಮುಖವಾಡದ ನಾಟಕ. ಪರದೆ ಬಿದ್ದ ಮೇಲೂ ಪ್ರೇಕ್ಷಕರೆದುರು ಯಾರೂ ಮುಖವಾಡ ತೆಗೆಯುವಂತಿಲ್ಲ. ಯಜಮಾನನೇ ಮಾಡಿದ ಕಟ್ಟಳೆ. ಮಗಳಿಗೂ ರಾಣಿಯ ಉಡುಪು, ಮುಖವಾಡ ಗುಟ್ಟಾಗಿ ಮಾಡಿಸಿ, ರಂಗದ ಪಕ್ಕ ಕಾದಿರು ಎಂದ. “ಆಗ್ಲಪ್ಪ” ಎಂದಳು. ಯಾವತ್ತೂ ಇಷ್ಟು ಬೇಗ ಒಪ್ಪಿದವಳಲ್ಲ.

ಪ್ರದರ್ಶನದ ದಿನ, ಕೊನೆಯ ಗಂಟೆಗೆ ಮೊದಲು, ಯಜಮಾನ ನಾಯಕಿಯ ಬಣ್ಣದ ಕೋಣೆಗೆ ಇಣುಕಿದ. ಮುಖವಾಡ ತೊಟ್ಟ ರಾಣಿ ಕನ್ನಡಿಯ ಮುಂದೆ ಕೂತಿದ್ದಳು. ಮೆಲ್ಲಗೆ ಬಾಗಿಲೆಳೆದು ಬೀಗ ಜಡಿದ. ಸ್ವಲ್ಪ ನಾಚಿಕೆಯಾಯಿತು.

ರಂಗದ ಮೇಲೆ ರಾಣಿ ಬೆರಳ ತುದಿಯಲ್ಲೇ ನಗಿಸಿದಳು, ಅಳಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಜಮಾನನ ಕಣ್ಣು ತುಂಬಿ ಬಂತು. ಮುಂದಿನ ಸಾಲಿನಲ್ಲಿದ್ದ ವಕೀಲೆಗೂ ಇಡೀ ಸಭಾಂಗಣಕ್ಕೂ ಕೇಳುವಂತೆ ಹೇಳಿದ: “ಇಂಥ ರಾಣಿ ಇನ್ನು ಹುಟ್ಟಿ ಬರಬೇಕು. ಈ ಪಾತ್ರ ಇನ್ಮುಂದೆ ಇವಳದ್ದೇ. ಇದು ನನ್ನ ಮಾತು.”

ಆಮೇಲೆ ಗಂಟಲು ಸರಿಮಾಡಿಕೊಂಡು, ಕರಾರು ಮುಗಿಯಿತೆಂದು ನಾಯಕಿಗೆ ತಿಳಿಸಲು ಬೀಗ ತೆಗೆದ.

ಒಳಗೆ ಮುಖವಾಡ ತೆಗೆದಿಟ್ಟು, ಕಾಲ ಮೇಲೆ ಕಾಲು ಹಾಕಿ, ವಕೀಲೆಯ ದಪ್ಪ ಪುಸ್ತಕ ಓದುತ್ತಿದ್ದ ಮಗಳು ತಲೆಯೆತ್ತಿದಳು: “ಮುಖ್ಯ ಷರತ್ತು ಮುರೀಲಿಲ್ಲ ಅಪ್ಪ, ಇನ್ನಾದ್ರೂ ನನ್ನನ್ನ ಲಾ ಕಾಲೇಜಿಗೆ ಸೇರಿಸು.”