ಅಜ್ಜನ ಕಹಳೆ, ಮೊಮ್ಮಗಳ ಸಹಿ

ಕೋರ್ಟಿನ ಕಚೇರಿ ಎರಡು ಗಂಟೆಗೆ ಮುಚ್ಚುತ್ತದೆ. ಆಗಲೇ ಹನ್ನೆರಡೂವರೆ. ರಾದೊಸಾವ್ ಮಿಲುಂಕಾಳ ಮನೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕೂತ. ಬೀದಿಯಲ್ಲಿ ಅವನ ಕಹಳೆ ತಂಡದ ವ್ಯಾನು ನಿಂತಿತ್ತು. ಒಳಗೆ ಹತ್ತು ವಾದಕರು. ಎಂಜಿನ್ ಆರಿಸಿರಲಿಲ್ಲ.

"ಮಿಲುಂಕಾ, ಕೋರ್ಟು ಗೀರ್ಟು ಅಂತ ಹೊರಟೀಯಾ, ಹುಷಾರ್!"

"ನೋಡಿದ್ಯಾ ನರೀನ?" ಎಂದಳು ಅಜ್ಜಿ ಸ್ತಾನೊಯ್ಕಾ. ಜುಲೈ ಸೆಕೆಯಲ್ಲೂ ಕಿವಿ ಮುಚ್ಚುವಂತೆ ಉಣ್ಣೆಯ ವಸ್ತ್ರ ಕಟ್ಟಿಕೊಂಡಿದ್ದಳು. ಮನೆಗೆ ಬಂದವನಿಗೆ ವಾಡಿಕೆಯ ಪ್ಲಮ್ ಸಾರಾಯಿಯನ್ನೂ ಕೊಟ್ಟಿರಲಿಲ್ಲ. "ಏಳೇ, ಹೋಗಿ ಬಿಡಿಸ್ಕೊಂಡು ಬಾ."

ಮಿಲುಂಕಾ ತಂಡದ ಕರಾರಿಗೆ ಸಹಿ ಹಾಕಿದಾಗ ಅವಳಿಗೆ ಹದಿನೇಳು. ಹದಿನೆಂಟು ತುಂಬಿದ ಮೂರು ತಿಂಗಳೊಳಗೆ ಕೋರ್ಟಿಗೆ ಹೋದರೆ ಅಂಥ ಕರಾರು ರದ್ದಾಗುತ್ತದೆ. ಆ ಹಕ್ಕು ಅವಳೊಬ್ಬಳದು. ಹೋಗದಿದ್ದರೆ ಗಟ್ಟಿ. ಇವತ್ತು ಕೊನೆಯ ದಿನ.

ಅವಳ ಅಜ್ಜ ಆ ಕಣಿವೆಗೇ ದೊಡ್ಡ ಕಹಳೆಗಾರ. ಅಂಥವನ ಮೊಮ್ಮಗಳನ್ನು ಊದಿಸಿ ಪರೀಕ್ಷೆ ಮಾಡಿದರೆ ಸತ್ತವನಿಗೆ ಅವಮಾನ. ರಾದೊಸಾವ್ ಹೆಸರು ಕೇಳಿಯೇ ಸಹಿ ಹಾಕಿಸಿದ್ದ.

"ಷರತ್ತು ಕೇಳಿಲ್ಲಿ," ಅವನು ಕಾಗದ ಬಿಚ್ಚಿದ. "ಏಳು ವರ್ಷ. ಮದುವೆ, ಶವಯಾತ್ರೆ ಒಂದೂ ಬಿಡೋಹಾಗಿಲ್ಲ. ಹಿಮ ಬಿದ್ರೂ ಬರ್ಬೇಕು, ಜ್ವರ ಬಂದ್ರೂ ಊದ್ಬೇಕು. ನಾನು ಒಳ್ಳೇ ಮನುಷ್ಯ ಅಲ್ಲ."

"ಅವನ ಬಾಯಲ್ಲೇ ಬಂತು! ನಿನ್ನ ಪ್ರಾಯ ಎಲ್ಲಾ ಹಾಳಾಗುತ್ತೆ ಕಣೇ."

"ಸುಮ್ನಿರಜ್ಜಿ. ಹೋದ ವಾರದ ಮದುವೇಲಿ ತಂಡದೋರಿಗೆಲ್ಲ ಬಹುಮಾನ ಅಂತ ಹಣೆ ಮೇಲೆ ಒಂದೊಂದು ದಿನಾರ್ ನೋಟು ಅಂಟಿಸಿದ್ರು. ನಂಗೆ ಮಾತ್ರ ಕಹಳೆ ಬಾಯೊಳಗೇ ತುರುಕಿದ್ರು. ಅದೂ ಕಂತೆ ಕಂತೆ!"

ರಾದೊಸಾವ್ ಕೆಮ್ಮಿದ. "ಪೇಟೆಗೆ ಈಗ ಬಸ್ಸೂ ಇಲ್ಲ. ಇರೋದು ನನ್ನ ವ್ಯಾನ್ ಒಂದೇ."

ಒಂದೂವರೆಯಾಯಿತು. ಅವನು ಬೆವರು ಒರೆಸಿಕೊಂಡ. ಕುರ್ಚಿ ಅದು ಹೇಗೋ ಬಾಗಿಲಿನಿಂದ ಒಂದು ಮೊಳ ಪಕ್ಕಕ್ಕೆ ಸರಿದಿತ್ತು.

"ಊರಿಗೆಲ್ಲಾ ಹಠಮಾರಿ ನೀನು. ಹೋಗ್ಬೇಡ ಅಂದ್ರೆ ಕೇಳ್ತೀಯೇನು?"

"ಹದಿನೆಂಟಾಯ್ತಲ್ಲ ಮಾವ, ಹಠ ಬಿಟ್ಟಿದೀನಿ. ನೀವು ಹೇಳಿದ ಹಾಗೆ."

ಇಗರ್ಜಿಯ ಗಂಟೆ ಎರಡು ಹೊಡೆಯಿತು. ಅಜ್ಜಿ ಎದೆಯ ಮೇಲೆ ಶಿಲುಬೆ ಬರೆದುಕೊಂಡು ವಸ್ತ್ರದ ಗಂಟು ಬಿಗಿದಳು. ಮಿಲುಂಕಾ ಗೋಡೆಯಿಂದ ಕಹಳೆ ಇಳಿಸಿದಳು.

ರಾದೊಸಾವ್ ಹೊರಗೆ ಹೋಗಿ ವ್ಯಾನಿನ ಬಾಗಿಲು ತೆರೆದ. ಹತ್ತು ಮುಖಗಳು ಆಸೆಯಿಂದ ಅವನನ್ನೇ ನೋಡಿದವು.

"ಏಳು ವರ್ಷ," ಎಂದ.

ಹತ್ತೂ ಜನ ಜೇಬಿನಿಂದ ಹತ್ತಿಯ ಉಂಡೆ ತೆಗೆದು, ಮತ್ತೆ ಕಿವಿಗೆ ತುರುಕಿಕೊಂಡರು.