ಭಾವನ ಬೂಟು

ಪಾದ್ರಿಯ ಕಣ್ಣು ಮಧ್ವೇಶನ ಬ್ಯಾಗನ್ನು ಬಿಟ್ಟು ಕದಲುತ್ತಿರಲಿಲ್ಲ. ಗೋಡೆಯ ಚಿತ್ರ ನೋಡುವವನಂತೆ ಅವನು ಎಡಕ್ಕೆ ಸರಿದ. ಪಾದ್ರಿಯೂ ಎಡಕ್ಕೆ ಸರಿದರು. ಉಳಿದವರಿಗೆಲ್ಲ ಕೈಮುಗಿದು ನಗುವ ಆ ಮುದುಕರು ಇವನನ್ನು ಕಂಡರೆ ಮಾತ್ರ ನಿಟ್ಟುಸಿರು ಬಿಡುತ್ತಿದ್ದರು.

ರಾಜಾಜಿನಗರದ ಒಂದು ಚಿತ್ರಕಲಾ ಕಾಲೇಜಿನ ತಂಡ ಇಟಲಿಯ ಹಳೆಯ ಚರ್ಚುಗಳ ಭಿತ್ತಿಚಿತ್ರ ನೋಡಲು ಬಂದಿತ್ತು. ಎಲ್ಲರೂ ಬಂದದ್ದು ತಮ್ಮ ಬೂಟಿನಲ್ಲಿ, ಮಧ್ವೇಶ ಬಂದದ್ದು ಭಾವನ ಬೂಟಿನಲ್ಲಿ. ಮದುವೆಯಲ್ಲಿ ಮಾವ ಕೊಡಿಸಿದ್ದೆಂದು ಸುಧೀಂದ್ರ ಭಾವ ಅದನ್ನು ದೇವರ ಪೆಟ್ಟಿಗೆಯಂತೆ ಕಾಪಾಡಿಕೊಂಡಿದ್ದರು. ಹೊರಡುವ ದಿನ ಹೇಳಿದ್ದು ಒಂದೇ ಮಾತು: "ಲೋ, ನೀನು ಲೇಟಾಗಿ ಬಂದ್ರೂ ಪರವಾಗಿಲ್ಲ. ಬೂಟು ಕರೆಕ್ಟಾಗಿ ಬರ್ಬೇಕು."

ಅದಕ್ಕೇ ಈ ಪುಟ್ಟ ಊರಿನ ಚರ್ಚಿನ ಬಾಗಿಲಲ್ಲಿ ಮಧ್ವೇಶ ಚುರುಕಾಗಿದ್ದ. ಹೊರಗೊಂದು ಮರದ ಪೆಟ್ಟಿಗೆ. ಮೇಲೆ ಎರಡು ಬರಿಗಾಲಿನ ಚಿತ್ರ. ಒಳಗೆ ನಾಲ್ಕಾರು ಜೊತೆ ಹಳೆಯ ಬೂಟು.

"ನೋಡ್ರೋ, ಚಪ್ಪಲಿ ಸ್ಟ್ಯಾಂಡು! ಟೋಕನ್ನೂ ಇಲ್ಲ, ಫ್ರೀ!"

ಅದುವರೆಗೆ ನೋಡಿದ ಚರ್ಚುಗಳಿಗೆಲ್ಲ ಬೂಟುಗಾಲಲ್ಲೇ ನುಗ್ಗಿ ತಂಡದ ಮನಸ್ಸು ಕಸಿವಿಸಿಯಾಗಿತ್ತು. ಕರೆದುಕೊಂಡು ಬಂದಿದ್ದ ಕಲಾವತಿ ಮೇಡಂ ಮೊದಲ್ಗೊಂಡು ಎಲ್ಲರೂ ನಿರಾಳವಾಗಿ ಬಿಚ್ಚಿಟ್ಟರು.

ಮಧ್ವೇಶ ಒಂದನ್ನು ಮಾತ್ರ ಇಟ್ಟ. ಇನ್ನೊಂದನ್ನು ಬ್ಯಾಗಿಗೆ ತುರುಕಿದ. ಬಸವೇಶ್ವರನಗರದ ಗುಡಿಗಳ ಮುಂದೆ ಅಜ್ಜಿ ಕಲಿಸಿದ ವಿದ್ಯೆ ಅದು: ಜೋಡಿ ಒಡೆದಿಟ್ಟರೆ ಕಳ್ಳ ಮುಟ್ಟುವುದಿಲ್ಲ.

"ಎರಡನ್ನೂ ಬ್ಯಾಗಲ್ಲೇ ಹಾಕ್ಕೋಬಹುದಿತ್ತಲ್ಲೋ?" ಗೆಳತಿ ಸಿಂಚನಾ ಕೇಳಿದಳು.

"ಭಾವಂದು ಹತ್ತು ನಂಬರ್ ಕಣೇ. ಒಂದಕ್ಕೇ ಜಿಪ್ ಹತ್ತುತ್ತಿಲ್ಲ."

"ನಿಂದು ಬರೀ ಬೂಟಾಟಿಕೆ."

ಒಳಗೆ ಗೋಡೆ ತುಂಬ ಲೋಕದ ಕೊನೆಯ ದಿನದ ತೀರ್ಪು. ನರಕದಲ್ಲಿ ನೂಕುನುಗ್ಗಲು, ಸ್ವರ್ಗದಲ್ಲಿ ಬೆರಳೆಣಿಕೆಯಷ್ಟು ಜನ. ಮಧ್ವೇಶನ ಗಂಟಲು ಕೆರೆಯಿತು. ಮಾಗಡಿ ರೋಡಿನ ಬಸ್ ಕಂಡಕ್ಟರ್ ಅವನ ಮೈಮೇಲೆ ಬಂದೇಬಿಟ್ಟ.

"ಸುಂಕದಕಟ್ಟೆ, ಸುಂಕದಕಟ್ಟೆ! ಯಾಕ್ರೀ ಎಲ್ಲಾ ಡೋರಲ್ಲೇ ನಿಂತಿದೀರಾ? ಮುಂದೆ ಹೋಗ್ರೀ, ಸ್ವರ್ಗ ಖಾಲಿ ಹೊಡೀತಿದೆ!"

ತಿರುಗಿದರೆ ಹಿಂದೆ ಪಾದ್ರಿ. ಅಣಕಕ್ಕೆ ಸಿಟ್ಟಾಗಿದ್ದಾರೆ ಅಂದುಕೊಂಡ. ಆದರೆ ನೋಟ ಬ್ಯಾಗಿನಲ್ಲಿತ್ತು. ಪಕ್ಕದಲ್ಲೇ ಬೆಳ್ಳಿಯ ದೀಪದ ಕಂಬಗಳ ಸಾಲು. ಮಧ್ವೇಶನಿಗೆ ಈಗ ಹೊಳೆಯಿತು. ಕಳ್ಳನನ್ನು ತಪ್ಪಿಸಲು ಹೋಗಿ ತಾನೇ ಕಳ್ಳನಾಗಿದ್ದ!

ಬ್ಯಾಗನ್ನು ಅಗಲಿಸಿ ಹಿಡಿದ. "ಫಾದರ್, ನೋ ಥೀಫ್! ಓನ್ಲಿ ಬೂಟ್!"

ಪಾದ್ರಿ ಇಣುಕಿದರು. ಅನುಮಾನ ನಿಜವಾದವರಂತೆ ತಲೆಯಾಡಿಸಿದರು. ಭುಜ ತಟ್ಟಿ ಮೆಲ್ಲಗೆ ಏನೋ ಹೇಳಿದರು.

ಸಿಂಚನಾ ಫೋನಿನಲ್ಲಿ ಇಟಾಲಿಯನ್ ಕಲಿತಿದ್ದಳು, ಅರ್ಧಂಬರ್ಧ. "'ಕೊಟ್ಬಿಡು ಮಗು, ಮನಸ್ಸು ಹಗುರ ಆಗತ್ತೆ' ಅಂದ್ರು ಅನ್ಸತ್ತೆ."

"ಮಾನ ಹೋಯ್ತು ಕಣೇ! ಕದ್ದಿದೀನಿ ಅಂತ್ಲೇ ತೀರ್ಮಾನ ಮಾಡ್ಬಿಟ್ರು."

ಅವನು ಹೊರಗೋಡಿದ. ತಂಡವೂ ಹಿಂದೆಯೇ ಬಂತು. ಪೆಟ್ಟಿಗೆ ಖಾಲಿ! ರಸ್ತೆ ತಿರುವಿನಲ್ಲಿ ಒಂದು ವ್ಯಾನು ಗುರುಗುಟ್ಟುತ್ತ ನಿಂತಿತ್ತು. ಕಲಾವತಿ ಮೇಡಂ ತಣ್ಣನೆಯ ಕಲ್ಲಿನ ಮೇಲೆ ಕಾಲು ಬದಲಿಸುತ್ತ, "ಅಯ್ಯಯ್ಯೋ, ಎಲ್ಲಾ ಹೊತ್ಕೊಂಡು ಹೋದ್ರಲ್ಲಪ್ಪಾ!" ಎಂದರು.

"ನಂದು ಬಿಟ್ಟಿರ್ತಾರೆ ಮೇಡಂ. ಒಂಟಿ ಬೂಟು ಯಾರಿಗೆ ಬೇಕು?" ಮಧ್ವೇಶ ಪೆಟ್ಟಿಗೆಯೊಳಗೆ ತಲೆ ಹಾಕಿದ. ಅದೂ ಇರಲಿಲ್ಲ. ಭಾವನ ಮುಖ ಕಣ್ಣೆದುರು ಬಂತು.

ಅಷ್ಟರಲ್ಲಿ ಪಾದ್ರಿ ಬಂದರು. ಒಬ್ಬೊಬ್ಬರ ಬರಿಗಾಲನ್ನೂ ನೋಡಿ ಕೈಮುಗಿದರು. ಸಿಂಚನಾಗೆ ಬಿಡಿಸಿ ಬಿಡಿಸಿ ಹೇಳಿದರು. ಅವಳ ಮುಖ ಬಿಳಚಿಕೊಂಡಿತು.

"ಆ ಪೆಟ್ಟಿಗೆ ಬೂಟಿಗೂ ಗತಿ ಇಲ್ಲದವ್ರಿಗೆ ದಾನ ಕೊಡೋಕಂತೆ ಕಣೋ. ಅಷ್ಟು ದೂರದಿಂದ ಬಂದು ಹಾಕ್ಕೊಂಡಿದ್ದನ್ನೇ ಬಿಚ್ಚಿಕೊಟ್ರಲ್ಲಾ ಅಂತ ಕಣ್ಣೀರು ಹಾಕ್ತಿದಾರೆ."

ಅವಳು ರಸ್ತೆ ತಿರುವಿನ ಕಡೆ ಕೈ ತೋರಿಸಿದಳು.

"ವ್ಯಾನು ಇನ್ನೂ ಹೊರಟಿಲ್ವಂತೆ. ನಿನ್ನ ಇನ್ನೊಂದು ಬೂಟಿಗೆ ಕಾಯ್ತಿದೆ."