ಮಂಚದ ಕೆಳಗಿನ ಕುಲಾವಿ

ಮಗುವಿನ ಕುಲಾವಿ ಡಾಲಿಯ ಬಾಯಲ್ಲಿತ್ತು. ಹಲ್ಲು ತಾಗದ ಹಾಗೆ, ಮೊಟ್ಟೆ ಹಿಡಿದಷ್ಟು ಮೆತ್ತಗೆ ಅದನ್ನು ಹಿಡಿದುಕೊಂಡು ನಾಯಿ ಕೋಣೆಯಿಂದ ಹೊರಬಂತು. ನಡುಮನೆಯ ಮಂಚದ ಕೆಳಗೆ ನುಸುಳಿತು. ರಮ್ಯಶ್ರೀ ಬಗ್ಗಿ ನೋಡಿದಳು. ಮೊನ್ನೆಯಿಂದ ಕಾಣೆಯಾಗಿದ್ದದ್ದೆಲ್ಲ ಅಲ್ಲಿತ್ತು: ಕಾಲುಚೀಲ, ಲಂಗೋಟಿ, ಗಿಲಕಿ, ಜೊಲ್ಲು ಒರೆಸುವ ಬಟ್ಟೆ. ಎಲ್ಲವನ್ನೂ ಹೊಟ್ಟೆಗೆ ಒತ್ತಿಕೊಂಡು ಡಾಲಿ ಸುತ್ತಿ ಮಲಗಿತ್ತು. ಅವಳು ಕೈ ಚಾಚಿದಳು. ಗುರ್ ಎಂಬ ಸದ್ದು ಬಂತು. ಜೋರಾಗಿಯೇನಲ್ಲ, ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ.

"ರೀ, ಗುರ್ ಅಂತಿದೆ."

"ಆಟ ಕಣೇ ಅದು." ತರಕಾರಿ ಮಂಡಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ ಯೋಗಾನಂದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಜಾತಿ ನಾಯಿ. ಅಪ್ಪಟ ಲ್ಯಾಬ್ರಡಾರ್. ಬಟ್ಟಲಿಗೆ ಕೈ ಹಾಕಿ ನೋಡಿದೀನಿ, ಬಾಲ ಎಳೆದು ನೋಡಿದೀನಿ, ಕಿವಿ ಹಿಂಡಿ ನೋಡಿದೀನಿ. ಕುಂಯ್ ಅನ್ಲಿಲ್ಲ."

"ಬದನೆಕಾಯಿ ಒತ್ತಿ ನೋಡೋ ಹಾಗೆ ನೋಡಿದೀರ. ಒಳಗೆ ಹುಳ ಇದ್ರೆ?"

"ನನ್ನ ಕೈಗೆ ಹುಳುಕು ಬದನೆಕಾಯಿ ಸಿಕ್ಕಿದ್ದು ಯಾವತ್ತಾದ್ರೂ ನೋಡಿದೀಯಾ?"

ನೋಡಿರಲಿಲ್ಲ. ಆದರೂ ಕೋಣೆಗೆ ಹೋಗಿ ಮಲಗಿದ್ದ ಮಗುವನ್ನೊಮ್ಮೆ ನೋಡಿದಳು. ಅವಳು ಬಾಣಂತನಕ್ಕೆ ಶೇಷಾದ್ರಿಪುರದ ತವರಿನಲ್ಲಿದ್ದಾಗ, ಒಬ್ಬನೇ ಇರೋಕೆ ಬೇಜಾರು ಎಂದು ಅವನು ಚಾಮರಾಜಪೇಟೆಯ ಮನೆಗೆ ಈ ನಾಯಿಯನ್ನು ತಂದಿದ್ದ. ಜನ ಬಿಟ್ಟುಹೋದ ನಾಯಿಗಳನ್ನು ಸಲಹಿ, ಬೇಕೆಂದವರಿಗೆ ದತ್ತು ಕೊಡುವ ಆಶ್ರಯವೊಂದರಿಂದ. ಮೊನ್ನೆ ಅವಳು ಮಗು ಎತ್ತಿಕೊಂಡು ಹೊಸ್ತಿಲ ಬಳಿ ನಿಂತಾಗ, ಆರತಿ ತಟ್ಟೆಗಿಂತ ಮೊದಲು ಬಂದು ಮಗುವಿನ ಪಾದ ಮೂಸಿದ್ದು ಡಾಲಿ.

ಮಗು ಮಲಗಿದ್ದ ಕೋಣೆಯ ಬಾಗಿಲನ್ನು ಎಳೆದುಕೊಂಡು, ರಮ್ಯಶ್ರೀ ಅಡುಗೆಮನೆಯಿಂದ ಆಶ್ರಯದ ಇಂಚರಾಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು, ಗಂಡನಿಗೂ ಕೇಳಲಿ ಎಂದು.

"ಅಯ್ಯೋ, ಬಟ್ಟೆ ಕೂಡಿಡ್ತಿದ್ಯಾ?" ಇಂಚರಾಳ ದನಿ ಇಳಿಯಿತು. "ಅದನ್ನ ಮೊದಲು ಸಾಕಿದ್ದವರು ಮರಿ ಹಾಕಿಸೋಕೆ ಅಂತಾನೇ ಇಟ್ಕೊಂಡಿದ್ರು ಮೇಡಂ. ಪ್ರತಿ ಸಲಾನೂ ಮರಿಗಳನ್ನ ಬುಟ್ಟೀಲಿ ತುಂಬ್ಕೊಂಡು ಹೋಗಿ ಮಾರಿಬಿಡೋರು. ಇನ್ನು ಹಾಕಲ್ಲ ಅಂತಾದ್ಮೇಲೆ ರೋಡಿಗೆ ಬಿಟ್ರು. ತುಂಬಾ ಸಾಧು. ಆದ್ರೆ ಎಳೆ ಮಗು ಇರೋ ಮನೆಗೆ ನಾವು ಕೊಡಲ್ಲ."

"ಮತ್ತೆ ನಮಗೆ ಹೆಂಗೆ ಕೊಟ್ರಿ?"

"ಕೇಳಿದ್ದೆ ಮೇಡಂ. ಮನೇಲಿ ಚಿಕ್ಕ ಮಗು ಇದ್ಯಾ ಅಂತ. ನಿಮ್ಮ ಯಜಮಾನ್ರು ಇಲ್ಲ ಅಂದ್ರು. ನಾನೇ ಬಂದು ನೋಡ್ಕೊಂಡೂ ಹೋದೆ. ಇರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಯೋಗಾನಂದ ಹೆಂಡತಿಯ ಮುಖ ನೋಡಲಿಲ್ಲ. "ಆಗ ಮಗು ಶೇಷಾದ್ರಿಪುರದಲ್ಲಿತ್ತಲ್ಲೇ," ಎಂದ. "ಸುಳ್ಳೇನ್ ಹೇಳಿದೆ?"

ಅವಳು ಅವನನ್ನು ಸರಿಸಿ ಮಂಚದ ಕೆಳಗೆ ನೋಡಿದಳು. ಕಾಲುಚೀಲವಿತ್ತು, ಗಿಲಕಿ ಇತ್ತು, ಕುಲಾವಿಯೂ ಇತ್ತು. ಡಾಲಿ ಇರಲಿಲ್ಲ. ಕೋಣೆಯ ಹಳೇ ಬಾಗಿಲು, ಚಿಲಕ ಹಾಕದಿದ್ದರೆ ನಿಲ್ಲದ ಬಾಗಿಲು, ಒಂದು ನಾಯಿ ನುಗ್ಗುವಷ್ಟು ತೆರೆದಿತ್ತು.

ಒಳಗೆ ನೆಲದ ಮೇಲೆ ಹಾಸಿದ ಕೌದಿಯಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಅದರ ಸುತ್ತ ಡಾಲಿ ಬಾಗಿ ಮಲಗಿತ್ತು. ಮಗುವಿನ ತಲೆ ಅದರ ಹೊಟ್ಟೆಗೆ ಒರಗಿತ್ತು. ಯೋಗಾನಂದ ಮೊಳೆಯಿಂದ ಸರಪಳಿ ತೆಗೆದು ಝಲ್ಲೆನಿಸಿದ. "ಡಾಲೀ, ವಾಕಿಂಗ್! ಬಾ ಬಾ ಬಾ!" ಸರಪಳಿಯ ಸದ್ದಿಗೆ ಕುಣಿಯುತ್ತಿದ್ದ ನಾಯಿ ಕಿವಿ ಸಹ ಅಲ್ಲಾಡಿಸಲಿಲ್ಲ. ಅವನು ಒಂದು ಹೆಜ್ಜೆ ಇಟ್ಟ. ಡಾಲಿಯ ತುಟಿ ಮೇಲೆದ್ದಿತು. ಇಷ್ಟು ದಿನ ಸಾಕಿದ ನಾಯಿಯ ಬಾಯಲ್ಲಿ ಇಷ್ಟು ಹಲ್ಲಿದೆ ಎಂದು ಅವನು ಕಂಡದ್ದು ಆಗಲೇ.

"ಹತ್ರ ಹೋಗ್ಬೇಡಿ, ಕೂಗ್ಬೇಡಿ," ರಮ್ಯಶ್ರೀ ಪಿಸುದನಿಯಲ್ಲಿ ತಿಳಿಸಿದ್ದನ್ನು ಕೇಳಿ ಫೋನಿನಲ್ಲಿ ಇಂಚರಾ ಹೇಳುತ್ತಿದ್ದಳು. "ಮಗೂನ ಎಳೀಲೇಬೇಡಿ. ಬಸವನಗುಡೀಲೇ ಇದೀನಿ, ಹೊರಟೆ."

ಮಗು ಎದ್ದು ಅತ್ತಿತು. ಹಸಿವಿನ ಅಳು. ಡಾಲಿ ಅದರ ಹಣೆ ನೆಕ್ಕಿತು, ತಾನೂ ಕುಂಯ್‌ಗುಟ್ಟಿತು. ರಮ್ಯಶ್ರೀಯ ಎದೆ ಬಿಗಿದು ನೈಟಿ ಒದ್ದೆಯಾಯಿತು. ಅವಳು ಕೂತಳು. ಕೂತಂತೆಯೇ, ನಾಯಿಯ ಕಣ್ಣು ನೋಡದೆ, ಇಂಚಿಂಚೇ ಜರುಗಿದಳು. ಡಾಲಿ ಅವಳ ಎದೆಯ ಒದ್ದೆಯನ್ನು ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ತುಟಿ ಇಳಿಸಿ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿತು. ಅವಳು ಮಗುವನ್ನು ತೊಡೆಗೆ ತೆಗೆದುಕೊಂಡು ಹಾಲು ಕೊಟ್ಟಳು. ಬೆನ್ನಿಗೆ ನಾಯಿಯ ಬಿಸಿ ಉಸಿರು ತಾಕುತ್ತಿತ್ತು.

"ನೋಡ್ದಾ? ಸಾಧು ಅಂತ ಹೇಳಿರ್ಲಿಲ್ವಾ?" ಯೋಗಾನಂದ ಬಾಗಿಲಲ್ಲೇ ನಿಂತು ಪಿಸುಗುಟ್ಟಿದ. "ಮಗು ಎತ್ಕೊಂಡು ನಿಧಾನಕ್ಕೆ ಎದ್ದು ಬಂದ್ಬಿಡು."

ಅವಳು ಮಗುವನ್ನು ಎದೆಗೊತ್ತಿಕೊಂಡು ಒಂದು ಮೊಣಕಾಲು ಊರಿದಳು. ಈ ಸಲ ಡಾಲಿ ಗುರ್ ಎನ್ನಲಿಲ್ಲ. ಕತ್ತು ಚಾಚಿ ಅವಳ ನೈಟಿಯ ಅಂಚನ್ನು ಬಾಯಲ್ಲಿ ಹಿಡಿಯಿತು. ಹಲ್ಲು ತಾಗದ ಹಾಗೆ, ಕುಲಾವಿಯನ್ನು ಹಿಡಿದಷ್ಟೇ ಮೆತ್ತಗೆ.